ರಕ್ಷಣಾ ವಿಷಯದ ಸಂಶೋಧನೆಗೆ ನಂಬಬಹುದಾದ ಆಕರಗಳು ಎಲ್ಲಿ ಸಿಗುತ್ತವೆ?

ಸೇನೆ, ಶಸ್ತ್ರಾಸ್ತ್ರ ಅಂತ ಹುಡುಕಿದರೆ ಬರೀ ಸುದ್ದಿ ಮತ್ತು ಯೂಟ್ಯೂಬ್ ವಿಡಿಯೊಗಳೇ ಎದುರಾಗುತ್ತವೆ, ಪ್ರಬಂಧದಲ್ಲಿ ಉಲ್ಲೇಖಿಸುವಂಥದ್ದು ಏನೂ ಸಿಗುತ್ತಿಲ್ಲ ಎಂದಿದ್ದೀರಿ. ನಾನೂ ಅದೇ ಕಾಡಿನಲ್ಲಿ ಅಲೆದವನು.

ಗ್ರಂಥಾಲಯದಿಂದಲೇ ಶುರು ಮಾಡಿ. ವಿಷಯಕ್ಕೊಂದು ಸಂಖ್ಯೆ ಕೊಡುವ ಡ್ಯೂಯಿ ಪದ್ಧತಿಯಲ್ಲಿ ಪುಸ್ತಕ ಜೋಡಿಸಿರುವ ಕಡೆ ಸೇನೆಗೆ ಸಂಬಂಧಿಸಿದ್ದು 355ರಿಂದ 359ರವರೆಗೆ ಇರುತ್ತದೆ. ನೌಕಾಪಡೆ 359. ಆದರೆ ನಡೆದುಹೋದ ಯುದ್ಧಗಳು ಇತಿಹಾಸದ ಕಪಾಟಿಗೆ ಹೋಗಿರುತ್ತವೆ. ಎರಡನೇ ಮಹಾಯುದ್ಧ ಬೇಕಿದ್ದರೆ 940 ನೋಡಬೇಕು. ಇದು ಗೊತ್ತಿಲ್ಲದೆ ನಾನು ಎಷ್ಟೋ ದಿನ 355ರ ಮುಂದೆಯೇ ತಡಕಾಡಿದ್ದೇನೆ. ಲಂಡನ್ನಿನ ಐಐಎಸ್ಎಸ್ ಎಂಬ ರಕ್ಷಣಾ ಅಧ್ಯಯನ ಸಂಸ್ಥೆ ಪ್ರತಿವರ್ಷ ತರುವ 'ಮಿಲಿಟರಿ ಬ್ಯಾಲೆನ್ಸ್'ನಲ್ಲಿ ಯಾವ ದೇಶದ ಬಳಿ ಎಷ್ಟು ಟ್ಯಾಂಕು, ಎಷ್ಟು ಯೋಧರು ಎಂಬ ಲೆಕ್ಕ ಇರುತ್ತದೆ. ಬಲು ದುಬಾರಿ, ಕೊಳ್ಳಲು ಹೋಗಬೇಡಿ. ನಿಮ್ಮಲ್ಲಿ ಇಲ್ಲದಿದ್ದರೆ ಬೇರೆ ಗ್ರಂಥಾಲಯದಿಂದ ತರಿಸಿಕೊಡಿ ಅಂತ ಗ್ರಂಥಪಾಲಕರನ್ನು ಕೇಳಿ.

ಆನ್‌ಲೈನ್‌ನಲ್ಲಿ ನನ್ನ ಮೊದಲ ಆಯ್ಕೆ ಸ್ಟಾಕ್‌ಹೋಮ್‌ನ ಸಿಪ್ರಿ ಎಂಬ ಶಾಂತಿ ಸಂಶೋಧನಾ ಸಂಸ್ಥೆ. 1950ರಿಂದೀಚೆಗೆ ಯಾರು ಯಾರಿಗೆ ಯಾವ ದೊಡ್ಡ ಆಯುಧ ಕೊಟ್ಟರು ಎಂಬುದೆಲ್ಲ ಅಲ್ಲಿ ಉಚಿತವಾಗಿ ಸಿಗುತ್ತದೆ. ಒಂದು ಎಚ್ಚರಿಕೆ ಮಾತ್ರ. ಅಲ್ಲಿ ಟಿಐವಿ ಎಂಬ ಅಂಕಿ ಕಾಣುತ್ತದಲ್ಲ, ಅದು ದುಡ್ಡಲ್ಲ! ನಾನು ಅದನ್ನು ಡಾಲರ್ ಅಂದುಕೊಂಡು ಇಡೀ ಕೋಷ್ಟಕ ಮಾಡಿ ಕೊಟ್ಟಿದ್ದೆ. ಮಾರ್ಗದರ್ಶಕರು ಅಡ್ಡಗೆರೆ ಎಳೆದು ವಾಪಸ್ ಕೊಟ್ಟರು. ಆಯುಧದ ಉತ್ಪಾದನಾ ವೆಚ್ಚವನ್ನು ಆಧರಿಸಿ, ಕೈಬದಲಾದ ಸೇನಾ ಸಾಮರ್ಥ್ಯವನ್ನು ಅಳೆಯುವ ಮಾಪಕ ಅದು. ಪುಕ್ಕಟೆ ಕೊಟ್ಟ ವಿಮಾನಕ್ಕೂ ಟಿಐವಿ ಇರುತ್ತದೆ. ಬಳಸಿದ ಆಯುಧವಾದರೆ ಹೊಸದರ ಶೇ 40ರಷ್ಟು ಎಂದು ಹಿಡಿಯುತ್ತಾರೆ. ದೇಶಗಳ ಸೇನಾ ಖರ್ಚಿಗೆ ಸಿಪ್ರಿಯದೇ ಬೇರೆ ಡೇಟಾಬೇಸ್ ಇದೆ, ಅದು ನಿಜವಾಗಿಯೂ ಹಣದ ಲೆಕ್ಕ. ಯಾವ ಆಕರವೇ ಆಗಲಿ, ಅಂಕಿಗಿಂತ ಮೊದಲು ಅದನ್ನು ಹೇಗೆ ಲೆಕ್ಕ ಹಾಕಿದ್ದಾರೆಂದು ಹೇಳುವ 'ಮೆಥಡಾಲಜಿ' ಪುಟ ಓದಿ.

ಅಮೆರಿಕದ ನೀತಿ ಬೇಕಿದ್ದರೆ ಅಲ್ಲಿನ ಸಂಸತ್ತಿಗಾಗಿ ಅದರದೇ ಸಂಶೋಧನಾ ವಿಭಾಗ ಸಿದ್ಧಪಡಿಸುವ ಸಿಆರ್‌ಎಸ್ ವರದಿಗಳು ಚೊಕ್ಕವಾಗಿರುತ್ತವೆ, 2018ರಿಂದ ಅಧಿಕೃತವಾಗಿ ಎಲ್ಲರಿಗೂ ತೆರೆದಿವೆ. ಅಲ್ಲಿನದೇ ನೀತಿ ಸಂಶೋಧನಾ ಸಂಸ್ಥೆ ರಾಂಡ್‌ನ ಅಧ್ಯಯನಗಳೂ ಹೆಚ್ಚಿನಂಶ ಉಚಿತ. ಆದರೆ ಅದಕ್ಕೆ ಹಣ ಕೊಡುವವರಲ್ಲಿ ಅಮೆರಿಕದ ಸೇನೆಯೂ ಇದೆ ಎಂಬುದು ನೆನಪಿರಲಿ.

ತಾಂತ್ರಿಕ ವರದಿಗಳಿಗೆ ಅಮೆರಿಕದ ರಕ್ಷಣಾ ಇಲಾಖೆಯ ವರದಿ ಭಂಡಾರವಾದ ಡಿಟಿಐಸಿ ನೋಡಿ. ಅದರ ಹುಡುಕಾಟದಲ್ಲಿ ವಿಷಯದ ಹೆಸರು ಹಾಕಿದರೆ ರಾಶಿ ಬಂದು ಬೀಳುತ್ತದೆ. ನಾನು ಮಾಡುವುದು ಹೀಗೆ: ಒಳ್ಳೆಯ ಪುಸ್ತಕವೊಂದರ ಅಡಿಟಿಪ್ಪಣಿಯಲ್ಲಿ 'ಎಡಿ' (AD) ಎಂದು ಶುರುವಾಗುವ, ಡಿಟಿಐಸಿ ತನ್ನ ವರದಿಗೆ ಕೊಡುವ ಸಂಖ್ಯೆ ಇದೆಯಾ ನೋಡುತ್ತೇನೆ, ಅದನ್ನೇ ಹಾಕಿದರೆ ಸಾಮಾನ್ಯವಾಗಿ ನೇರ ಆ ವರದಿಗೇ ಹೋಗಬಹುದು. ಶುರುವಿನ ಪುಟಗಳಲ್ಲಿ 'ಡಿಸ್ಟ್ರಿಬ್ಯೂಷನ್ ಸ್ಟೇಟ್‌ಮೆಂಟ್ ಎ' ಎಂದಿದ್ದರೆ ಅದು ಸಾರ್ವಜನಿಕರಿಗೆ ಬಿಡುಗಡೆಯಾದದ್ದು, ಧೈರ್ಯವಾಗಿ ಉಲ್ಲೇಖಿಸಬಹುದು. ಆ ವರದಿಯ ಕೊನೆಯ ಗ್ರಂಥಋಣದಲ್ಲಿ ಇನ್ನೂ ಹತ್ತಾರು ಎಡಿ ಸಂಖ್ಯೆಗಳು ಸಿಗುತ್ತವೆ. ನನ್ನ ಅರ್ಧ ಪ್ರಬಂಧ ಕೂಡಿಬಂದದ್ದು ಹಾಗೆಯೇ.