ಎರಡೂ ಮುಕ್ಕಾಲನ್ನು ಮೂರೂ ಮುಕ್ಕಾಲು ಅನ್ನುವ ಮಕ್ಕಳಿಗೆ
ಎರಡನೇ ಕ್ಲಾಸಿನ ಮಕ್ಕಳು ಗಡಿಯಾರ ನೋಡಿ ಎರಡೂ ಮುಕ್ಕಾಲನ್ನು ಮೂರೂ ಮುಕ್ಕಾಲು ಅಂತ ಓದುತ್ತಾರೆ, ಏನು ಮಾಡಲಿ ಅಂತ ಕೇಳಿದ್ದೀರಿ. ಪಾಪ, ಆಗ ಚಿಕ್ಕ ಮುಳ್ಳು ಮೂರರ ಪಕ್ಕದಲ್ಲೇ ಇರುತ್ತದೆ ಅಲ್ವಾ!

ಅಂಗಳದಲ್ಲಿ ಸೀಮೆಸುಣ್ಣದಿಂದ ದೊಡ್ಡ ವೃತ್ತ ಬರೆದು, 12 ಮಕ್ಕಳನ್ನು ಅಂಕಿಗಳಾಗಿ ಕೂರಿಸಿ. ದೊಡ್ಡ ಮುಳ್ಳಾಗಲು ಒಬ್ಬನಿಗೆ ಉದ್ದ ಹಗ್ಗ, ಚಿಕ್ಕ ಮುಳ್ಳಾಗಲು ಒಬ್ಬಳಿಗೆ ಗಿಡ್ಡ ಹಗ್ಗ. ಇನ್ನೊಂದು ತುದಿ ನಡುವೆ ನಿಂತ ನಿಮ್ಮ ಕೈಯಲ್ಲಿರಲಿ. ಗಿಡ್ಡ ಹಗ್ಗದವಳು 2ರ ಎದುರು ನಿಲ್ಲಲಿ. ಉದ್ದ ಹಗ್ಗದವನು 12ರಿಂದ ಹೊರಟು 3, 6, 9, 12 ಮುಟ್ಟಿದಾಗಲೆಲ್ಲ ಅವಳದು ಒಂದೇ ಪುಟ್ಟ ಹೆಜ್ಜೆ. ನಾಲ್ಕು ಹೆಜ್ಜೆಗೆ ಮುಂದಿನ ಅಂಕಿ. ಮೂರನೇ ಹೆಜ್ಜೆಗೆ ನಿಲ್ಲಿಸಿ, "ಮೂರು ಮುಟ್ಟಿತಾ?" ಅಂತ ಕೇಳಿ. "ಇನ್ನೂ ಇಲ್ಲ!" ಅಂತ ಕೂಗುತ್ತಾರೆ. ಹಾಗಾದರೆ ಇನ್ನೂ ಎರಡೇ.

ನಮ್ಮಲ್ಲಿ ಚಿಕ್ಕ ಮುಳ್ಳಾಗಲು ಯಾರೂ ಒಪ್ಪುತ್ತಿರಲಿಲ್ಲ, ಓಡೋಕೆ ಸಿಗಲ್ಲ ಅಂತ. ಗಂಟೆ ಹೊಡೆಯುವ ಕೆಲಸ ಚಿಕ್ಕ ಮುಳ್ಳಿಗೇ ಕೊಟ್ಟೆ. ಈಗ ಅದಕ್ಕೇ ಜಗಳ ಜಾಸ್ತಿ.