ರಾತ್ರಿಶಾಲೆಯಲ್ಲಿ ಕಲಿತ ಕನ್ನಡ

ಮುಂಬಯಿ ಬಳಿಯ ಡೊಂಬಿವಲಿಯ ಓದುಗರೊಬ್ಬರು ದೀರ್ಘ ಪತ್ರ ಬರೆದಿದ್ದಾರೆ. ಅವರ ಅಜ್ಜ ಕಾಪುವಿನ ಕಡೆಯಿಂದ ಮುಂಬಯಿಗೆ ಹೋಗಿ ಹೋಟೆಲಿನಲ್ಲಿ ದುಡಿದವರು. ಮನೆಮಾತು ತುಳು, ಮಗಳ ಶಾಲೆಯಲ್ಲಿ ಇಂಗ್ಲಿಷ್ ಮತ್ತು ಮರಾಠಿ. ಅಲ್ಲಿ ‘ಮದ್ರಾಸಿ’, ಊರಿಗೆ ಬಂದರೆ ‘ಬೊಂಬಾಯಿಯವರು’ ಎನ್ನಿಸಿಕೊಂಡು ಬೇಸತ್ತ ಅವರು ಕೇಳುತ್ತಾರೆ: “ಅನ್ನ ಕೊಟ್ಟ ಊರಿನ ಮರಾಠಿಯನ್ನೇ ನಮ್ಮದು ಮಾಡಿಕೊಂಡು, ಮನೆಮಾತೂ ಅಲ್ಲದ ಕನ್ನಡದ ಹಂಗನ್ನು ಬಿಡಬಾರದೇಕೆ? ಜನಗಣತಿಯವರು ಬಂದರೆ ಮಾತೃಭಾಷೆ ಯಾವುದೆಂದು ಬರೆಸಲಿ?”

ಮರಾಠಿಯ ಬಗ್ಗೆ ನೀವು ಹೇಳಿದ್ದು ನ್ಯಾಯವೇ. ಮಹಾರಾಷ್ಟ್ರದ ಎಲ್ಲ ಶಾಲೆಗಳಲ್ಲಿ ಅದನ್ನು ಕಡ್ಡಾಯ ಮಾಡುವ ಕಾನೂನು 2020ರಲ್ಲೇ ಬಂತು. ಕಾನೂನು ಇಲ್ಲದಿದ್ದರೂ ನಿಮ್ಮ ಮಗಳು ಅದನ್ನು ಚೆನ್ನಾಗಿ ಕಲಿಯಬೇಕು. ಆದರೆ ಮರಾಠಿ ಬಂದರೆ ಕನ್ನಡ ಹೊರಡಬೇಕೆಂಬ ನಿಮ್ಮ ಲೆಕ್ಕ ನನಗೆ ಒಪ್ಪಿಗೆಯಿಲ್ಲ. ನಿಮ್ಮ ಅಜ್ಜನ ಕಾಲದವರಿಗಂತೂ ಅದು ಹೊಳೆದೂ ಇರಲಾರದು.

ಕರಾವಳಿಯಿಂದ ಮುಂಬಯಿಗೆ ಹೋದ ಬಂಟರು, ಬಿಲ್ಲವರು, ಮೊಗವೀರರು ಬಹುಪಾಲು ಮನೆಯಲ್ಲಿ ತುಳು ಆಡುವವರು. ಗೌಡ ಸಾರಸ್ವತರದು ಕೊಂಕಣಿ. ಆದರೂ 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿ ಕೆಲವೇ ವರ್ಷಗಳಲ್ಲಿ ರಾತ್ರಿಶಾಲೆ ತೆರೆಯಿತು, ಬೇರೆ ಸಮಾಜಗಳೂ ಅದೇ ದಾರಿ ಹಿಡಿದವು, ಮತ್ತು ಆ ಶಾಲೆಗಳಲ್ಲಿ ಪಾಠ ನಡೆದದ್ದು ಕನ್ನಡದಲ್ಲಿ. ಹಗಲೆಲ್ಲ ಲೋಟ ತೊಳೆದ ಹುಡುಗ ಸಂಜೆ ಅಂಗಿ ಬದಲಿಸಿ ಶಾಲೆಗೆ ಓಡಿ, ತೂಕಡಿಸುತ್ತಲೇ ಸಂಧಿ ಸಮಾಸ ಬಿಡಿಸಿ, ಮರಳಿ ಬಂದು ಅದೇ ಹೋಟೆಲಿನ ಮೇಜುಗಳನ್ನು ಜೋಡಿಸಿಕೊಂಡು ಮಲಗುತ್ತಿದ್ದ. ಹಾಗೆ ಮೆಟ್ರಿಕ್ ಮುಗಿಸಿದವರಲ್ಲಿ ವಕೀಲರಾದವರಿದ್ದಾರೆ, ಬ್ಯಾಂಕ್ ಸೇರಿದವರಿದ್ದಾರೆ, ಸ್ವಂತ ಹೋಟೆಲಿನ ಗಲ್ಲಾದಲ್ಲಿ ಕೂತವರಿದ್ದಾರೆ. ಕನ್ನಡ ಅವರಿಗೂ ಮನೆಮಾತಾಗಿರಲಿಲ್ಲ ಎಂಬುದನ್ನು ನೀವು ಮರೆತಂತಿದೆ.

ಹಾಗೆ ಹೋದವರು ಅನ್ನ ಕೊಟ್ಟ ಊರಿನ ಮರಾಠಿಯನ್ನೂ ದೂರ ಇಡಲಿಲ್ಲ. ಮಂಗಳೂರಿನಿಂದ ಬರಿಗೈಯಲ್ಲಿ ಬಂದು ಚೌಪಾಟಿಯ ಬೆಂಚಿನ ಮೇಲೆ ಮಲಗಿದ ಜಾರ್ಜ್ ಫರ್ನಾಂಡಿಸ್ ಮರಾಠಿಯನ್ನೂ ಕಲಿತು, ಟ್ಯಾಕ್ಸಿ ಚಾಲಕರನ್ನು ಸಂಘಟಿಸಿ, 1967ರ ಚುನಾವಣೆಯಲ್ಲಿ ಎಸ್.ಕೆ. ಪಾಟೀಲರಂಥ ಮರಾಠಿ ನಾಯಕನನ್ನೇ ದಕ್ಷಿಣ ಮುಂಬಯಿಯಲ್ಲಿ ಸೋಲಿಸಿದರು. ದಕ್ಷಿಣ ಭಾರತದವರ ವಿರುದ್ಧ ಕೂಗೆಬ್ಬಿಸಿದ ಶಿವಸೇನೆ ಹುಟ್ಟಿ ಆಗ ಒಂದು ವರ್ಷವೂ ತುಂಬಿರಲಿಲ್ಲ. ಉಡುಪಿ ಹೋಟೆಲುಗಳ ಮೇಲೆ ಕಲ್ಲು ತೂರಿದ್ದೂ ಆ ಮುಂಬಯಿಯೇ, ಮಂಗಳೂರಿನವನನ್ನು ಲೋಕಸಭೆಗೆ ಕಳಿಸಿದ್ದೂ ಆ ಮುಂಬಯಿಯೇ.

ನನ್ನ ಸಿಟ್ಟು ನಿಮ್ಮ ಮೇಲಲ್ಲ. ರಾತ್ರಿಶಾಲೆ ಕಟ್ಟಿದವರ ಮೊಮ್ಮಕ್ಕಳ ಸಂಘಗಳು ಇಂದು ಸನ್ಮಾನ ಸಮಾರಂಭಗಳಲ್ಲಿ ಮುಳುಗಿವೆ. ಒಂದು ವರ್ಷದ ಶಾಲು, ಹಾರ, ಸ್ಮರಣಿಕೆಗಳ ಖರ್ಚಿನಲ್ಲಿ ಭಾನುವಾರದ ಕನ್ನಡ ತರಗತಿಗೆ ಒಬ್ಬ ಶಿಕ್ಷಕರನ್ನು ಇಡಬಹುದು. ಬೆಂಗಳೂರಿನವರನ್ನು ಹೊಗಳುವ ಹಾಗೂ ಇಲ್ಲ. ಹೊರಗಿನವರು ಕನ್ನಡ ಕಲಿಯುವುದಿಲ್ಲವೆಂದು ನಿತ್ಯ ಗುಡುಗುವವರನ್ನು ಕೇಳಬೇಕೆನಿಸುತ್ತದೆ: ಒಡಿಶಾದಿಂದ ಬಂದ ಗಾರೆ ಕೆಲಸದವನಿಗೆ, ಅಸ್ಸಾಮಿನಿಂದ ಬಂದ ಸೆಕ್ಯುರಿಟಿ ಹುಡುಗನಿಗೆ ಸಂಜೆ ಎರಡು ಗಂಟೆ ಕನ್ನಡ ಹೇಳಿಕೊಡುವ ಶಾಲೆ ನಿಮ್ಮ ಬಡಾವಣೆಯಲ್ಲಿ ಎಲ್ಲಿದೆ? ಧ್ವಜಸ್ತಂಭವಂತೂ ವೃತ್ತ ವೃತ್ತಕ್ಕೂ ಇದೆ.

ಇನ್ನು ಜನಗಣತಿ. ಮಾತೃಭಾಷೆ ತುಳು ಎಂದು ಅಳುಕಿಲ್ಲದೆ ಬರೆಸಿ. 2011ರಲ್ಲಿ ಹಾಗೆ ಬರೆಸಿದವರು 18 ಲಕ್ಷಕ್ಕೂ ಹೆಚ್ಚು. ತಿಳಿದಿರುವ ಇತರ ಭಾಷೆಗಳಿಗೆ ಆಗ ಎರಡೇ ಸ್ಥಾನ ಕೊಟ್ಟಿದ್ದರು. ಈ ಸಲವೂ ಅಷ್ಟೇ ಇದ್ದರೆ, ಅಷ್ಟರೊಳಗೆ ಮಗಳಿಗೆ ಕನ್ನಡದ ಅಕ್ಷರ ಕಲಿಸಿ, ಮರಾಠಿ ಮತ್ತು ಕನ್ನಡ ಎಂದೇ ಬರೆಸಿ. ಹಿಂದಿ, ಇಂಗ್ಲಿಷ್ ಬಿಟ್ಟುಹೋದವಲ್ಲ ಎಂದು ಗಣತಿದಾರರು ನೆನಪಿಸಿದರೆ, ಅವನ್ನು ಬರೆಸಲು ನಿಮ್ಮ ಕಟ್ಟಡದಲ್ಲೇ ಬೇಕಾದಷ್ಟು ಜನರಿದ್ದಾರೆ ಎನ್ನಿ.