ಪೊಟ್ಯಾಸಿಯಮ್ 2,8,9 ಯಾಕಲ್ಲ? ಕಬ್ಬಿಣಕ್ಕೆ ಎರಡೋ ಎಂಟೋ?

ಪ್ರಶ್ನೆ: ಸರ್, ನನ್ ಮಗಳು ಹತ್ತನೇ ಕ್ಲಾಸು. ಟೆಸ್ಟಲ್ಲಿ ಪೊಟ್ಯಾಸಿಯಮ್‌ನ 19 ಎಲೆಕ್ಟ್ರಾನ್‌ಗಳನ್ನ ಒಂದೊಂದು ಶೆಲ್ಲಿಗೆ (ಪರಮಾಣುವಿನ ಪದರಕ್ಕೆ) ಇಷ್ಟಿಷ್ಟು ಅಂತ ಹಂಚಿ 2,8,9 ಅಂತ ಬರೆದು, ವೇಲೆನ್ಸ್ ಎಲೆಕ್ಟ್ರಾನ್ (ಬಂಧಕ್ಕೆ ಬಳಕೆಯಾಗೋ, ಸಾಮಾನ್ಯವಾಗಿ ಕೊನೇ ಶೆಲ್ಲಿನ ಎಲೆಕ್ಟ್ರಾನ್) 9 ಅಂದಿದ್ದಾಳೆ, ಅದಕ್ಕೆ ಕೆಂಪು ಗೀಟು ಬಿದ್ದಿದೆ. ಮೂರನೇ ಶೆಲ್ಲಲ್ಲಿ 18 ಹಿಡಿಯುತ್ತೆ ಅಂತ ಅವ್ರೇ ಹೇಳ್ಕೊಟ್ಟಿದ್ದಲ್ವಾ ಅನ್ನೋದು ಅವಳ ವಾದ, ನಂಗೂ ಹೌದಲ್ವಾ ಅನ್ನಿಸ್ತು. ಕಬ್ಬಿಣದ್ದು ನೋಡಿದ್ರೆ ಒಂದ್ಕಡೆ 2, ಇನ್ನೊಂದ್ಕಡೆ 8 ಅಂತಿದೆ. ಯಾವ್ದು ಸರಿ?

ಉತ್ತರ: ಮಗಳ ವಾದದಲ್ಲಿ ದಮ್ಮಿದೆ, ಉತ್ತರ ಮಾತ್ರ ತಪ್ಪು. ಮೂರನೇ ಶೆಲ್ಲಲ್ಲಿ 18ಕ್ಕೆ ಜಾಗ ಇರೋದು ನಿಜ, ಆದ್ರೆ ಜಾಗ ಇದೆ ಅಂದ್ರೆ ಮೊದ್ಲು ಅದೇ ತುಂಬುತ್ತೆ ಅಂತಲ್ಲ. ಮದುವೆ ಛತ್ರದ ಊಟದ ಹಾಲ್ ನೆನಪಿಸ್ಕೊಳ್ಳಿ, ಕೆಳಗೆ 18 ಎಲೆ ಹಾಕಿದಾರೆ, ಅದ್ರಲ್ಲಿ 8 ಚೆನ್ನಾಗಿರೋ ಜಾಗದಲ್ಲಿ, ಉಳಿದ 10 ಫ್ಯಾನಿಲ್ಲದ ಮೂಲೇಲಿ, ಮಹಡಿ ಮೇಲೆ ಫ್ಯಾನ್ ಕೆಳಗೇ ಎರಡು ಎಲೆ ಖಾಲಿ ಇದೆ. ಒಂಬತ್ತನೆಯವರು ಎಲ್ಲಿಗೆ ಹೋಗ್ತಾರೆ ಹೇಳಿ? ಮೆಟ್ಲು ಹತ್ತಿ ಮಹಡಿಗೇ. ಆ ಮೂಲೆ 3ಡಿ, ಅಂದ್ರೆ ಮೂರನೇ ಶೆಲ್ಲಿನದೇ ಒಂದು ಭಾಗ, ಮಹಡಿ 4ಎಸ್, ಅಂದ್ರೆ ನಾಲ್ಕನೇ ಶೆಲ್ಲಿನ ಮೊದಲ ಭಾಗ. ಪೊಟ್ಯಾಸಿಯಮ್, ಕ್ಯಾಲ್ಸಿಯಮ್‌ಗೆ 4ಎಸ್‌ನಲ್ಲಿ ಶಕ್ತಿ ಕಡಿಮೆ, ಅದಕ್ಕೇ 19ನೇ ಎಲೆಕ್ಟ್ರಾನ್ ಅಲ್ಲಿ ಕೂರುತ್ತೆ, 2,8,8,1. ಕ್ಯಾಲ್ಸಿಯಮ್ 2,8,8,2. ಅದಾದ್ಮೇಲೆ 21ನೇ ಸ್ಕ್ಯಾಂಡಿಯಮ್‌ನಿಂದ ಜನ ಮೂಲೆಗೆ ಬರೋಕೆ ಶುರು.

ಇದು ಬರೀ ಕಥೆ ಅಲ್ಲ, ಅಳೆದು ನೋಡಿರೋದು. ಪೊಟ್ಯಾಸಿಯಮ್‌ನಿಂದ ಮೊದಲ ಎಲೆಕ್ಟ್ರಾನ್ ಕೀಳೋಕೆ ಪ್ರತಿ ಮೋಲ್‌ಗೆ ಸುಮಾರು 419 ಕಿಲೋಜೂಲ್ ಸಾಕು, ಎರಡನೇದಕ್ಕೆ ಸುಮಾರು 3,052 ಬೇಕು, ಏಳು ಪಟ್ಟಿಗಿಂತ ಜಾಸ್ತಿ! ಹೊರಗಡೆ ನಿಜವಾಗ್ಲೂ 9 ಇದ್ದಿದ್ರೆ ಎರಡನೇದೂ ಹೆಚ್ಚು ಕಡಿಮೆ ಅಷ್ಟೇ ಸುಲಭವಾಗಿ ಬರ್ಬೇಕಿತ್ತು. ನಂಗೆ ಕೇಳಿದ್ರೆ ಈ ಎರಡು ನಂಬರನ್ನ ಪುಸ್ತಕದಲ್ಲಿ ಮೊದ್ಲೇ ಕೊಟ್ಬಿಡ್ಬೇಕು, ಅರ್ಧ ಜಗಳ ಮುಗಿಯುತ್ತೆ.

ಟೆಸ್ಟಲ್ಲಿ ಇಷ್ಟೆಲ್ಲಾ ಯೋಚ್ನೆ ಮಾಡೋಕೆ ಟೈಮೆಲ್ಲಿ, ಆವರ್ತ ಕೋಷ್ಟಕದಲ್ಲಿ ಆ ಧಾತುವಿನ ಗುಂಪಿನ (ಉದ್ದ ಸಾಲಿನ) ನಂಬರ್ ನೋಡೋಕೆ ಹೇಳಿ. 1, 2ನೇ ಗುಂಪಾದ್ರೆ ಅಷ್ಟೇ ಎಲೆಕ್ಟ್ರಾನ್, 13ರಿಂದ 18 ಆದ್ರೆ 10 ಕಳೀಬೇಕು, ಗಂಧಕ 16ನೇ ಗುಂಪು ಅಂದ್ರೆ 6. ಹೀಲಿಯಮ್ ಒಂದು ತರಲೆ, 18ರಲ್ಲಿ ಕೂತಿದ್ರೂ ಅದ್ರ ಹತ್ರ ಇರೋದೇ 2. ಇನ್ನೊಂದು, ಇದನ್ನ ವೇಲೆನ್ಸಿ (ಎಷ್ಟು ಬಂಧ ಮಾಡ್ಕೊಳ್ಳುತ್ತೆ ಅನ್ನೋ ಸಂಖ್ಯೆ) ಜೊತೆ ಕಲಸ್ಕೋಬಾರ್ದು, ಆಕ್ಸಿಜನ್‌ಗೆ ವೇಲೆನ್ಸ್ ಎಲೆಕ್ಟ್ರಾನ್ 6, ವೇಲೆನ್ಸಿ 2. ತುಂಬಾ ಮಕ್ಕಳು ಎಡವೋದು ಇಲ್ಲೇ.

ಈಗ ಕಬ್ಬಿಣ. ಅದು 8ನೇ ಗುಂಪು, 3ರಿಂದ 12ರವರೆಗಿನ ಗುಂಪುಗಳಲ್ಲಿ ಆ ಕಳೆಯೋ ಲೆಕ್ಕ ನಡೆಯಲ್ಲ. ವಿನ್ಯಾಸ 2,8,14,2. ಕೊನೇ ಶೆಲ್ಲನ್ನ ಮಾತ್ರ ಎಣಿಸಿದ್ರೆ 2, ಬಂಧಕ್ಕೆ ಇಳಿಯಬಲ್ಲ 3ಡಿಯ 6ನ್ನೂ ಸೇರಿಸಿದ್ರೆ 8, ಅಂದ್ರೆ ನೀವು ನೋಡಿದ ಎರಡೂ ಕಡೆಯವರು ಸುಳ್ಳು ಹೇಳಿಲ್ಲ, ಎಣಿಸೋ ರೀತಿ ಬೇರೆ ಅಷ್ಟೇ. 3ಡಿ ಕೂಡ ಆಟಕ್ಕಿಳಿಯುತ್ತೆ ಅನ್ನೋದನ್ನ ನಿಮ್ ಮಗಳು ಕಣ್ಣಾರೆ ನೋಡಿರ್ಬಹುದು. ಹತ್ತನೇ ಕ್ಲಾಸ್ ಮೊದಲನೇ ಪಾಠದಲ್ಲಿ ಫೆರಸ್ ಸಲ್ಫೇಟ್ ಹರಳನ್ನ ಟ್ಯೂಬಲ್ಲಿ ಕಾಯಿಸ್ತಾರಲ್ಲ, ತಿಳಿ ಹಸಿರು ಹರಳು ನೀರು ಬಿಟ್ಟು ಬೆಳ್ಳಗಾಗಿ, ಆಮೇಲೆ ಗಂಧಕ ಸುಟ್ಟ ಘಾಟು ಹೊಡೀತಾ ಕೆಂಪು ಕಂದು ಪುಡಿ ಉಳಿಯುತ್ತೆ. ಹಸಿರು ಹರಳಲ್ಲಿ ಕಬ್ಬಿಣ ಬಿಟ್ಕೊಟ್ಟಿದ್ದು 4ಎಸ್‌ನ ಎರಡು, ಕಂದು ಪುಡೀಲಿ ಮೂರು, ಆ ಮೂರನೇದು ಬಂದಿದ್ದು ಒಳಗಿನ 3ಡಿಯಿಂದ.

ಸ್ಕೂಲ್ ಪೇಪರಲ್ಲಿ ಕಬ್ಬಿಣ ಕೇಳಿದ್ರೆ 2,8,14,2 ಅಂತ ಪೂರ್ತಿ ಬರೆದು, ಕೊನೇ ಶೆಲ್ಲಲ್ಲಿ 2 ಅಂತ ಬರೀಲಿ. 8ರ ವಿಷ್ಯ ಪಿಯುಸಿಯಲ್ಲಿ ಸೈನ್ಸ್ ತಗೊಂಡ್ರೆ ಹೇಗೂ ಬರುತ್ತೆ.